ಗುಳ್ಳೆ ನಿಂತಿತೆಂದು ಬಿಯರ್‌ಗೆ ಸಕ್ಕರೆ ಸುರಿಯಬೇಡಿ

ಮಾನ್ಯ ಸಂಪಾದಕರೇ,

ಹೊರದೇಶಗಳಲ್ಲಿರುವ ಕನ್ನಡಿಗರ ಹವ್ಯಾಸಗಳ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಬರಹವನ್ನು ಆಸಕ್ತಿಯಿಂದ ಓದಿದೆವು. ಆದರೆ ಮನೆಯಲ್ಲಿ ಬಿಯರ್ ತಯಾರಿಸುವವರಿಗೆ ಅದರಲ್ಲಿ ಕೊಟ್ಟಿರುವ ಒಂದು ಸಲಹೆಯನ್ನು ಕೂಡಲೇ ತಿದ್ದಬೇಕು. ಏರ್‌ಲಾಕ್‌ನಲ್ಲಿ, ಅಂದರೆ ಹುದುಗುವ ಡಬ್ಬಿಯಿಂದ ಅನಿಲ ಹೊರಬಿಟ್ಟು ಗಾಳಿಯನ್ನು ಒಳಬಿಡದ ಕೊಳವೆಯಲ್ಲಿ, ಗುಳ್ಳೆ ನಿಂತರೆ ಹುದುಗುವಿಕೆ ಕೆಟ್ಟಿದೆ ಎಂದರ್ಥ, ಆಗ ಇನ್ನೊಂದು ಪ್ಯಾಕೆಟ್ ಯೀಸ್ಟ್ ಮತ್ತು ಒಂದು ಬಟ್ಟಲು ಸಕ್ಕರೆ ಹಾಕಿ ಏಳನೇ ದಿನ ಬಾಟಲಿಗೆ ತುಂಬಿ ಎಂದು ಅಲ್ಲಿ ಬರೆದಿದೆ. ಮೂರು ಮಾತೂ ತಪ್ಪು. ಮೂರನೆಯದಂತೂ ಗಾಜು ಸಿಡಿದು ಕಣ್ಣು ಕಳೆಯಬಲ್ಲ ತಪ್ಪು.

ಮುಂದೆ ಹೋಗುವ ಮೊದಲು ಕಾನೂನಿನ ಮಾತು. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ಮನೆಯ ಬಳಕೆಗೆ ಎಂದರೂ ಅಷ್ಟೇ. ನಾವು ಬರೆಯುತ್ತಿರುವುದು ಇದಕ್ಕೆ ಅನುಮತಿ ಇರುವ ನಾಡುಗಳಲ್ಲಿ ನೆಲೆಸಿರುವ ಓದುಗರಿಗೆ. ಅಮೆರಿಕದಲ್ಲಿ 1978ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನು ಮರುವರ್ಷದ ಫೆಬ್ರುವರಿಯಿಂದ ಜಾರಿಗೆ ಬಂತು. ಒಬ್ಬರೇ ವಯಸ್ಕರಿರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ಮಂದಿ ಇದ್ದರೆ 200 ಗ್ಯಾಲನ್ ತಯಾರಿಸಬಹುದು, ಮಾರುವಂತಿಲ್ಲ. ರಾಜ್ಯಗಳ ಒಪ್ಪಿಗೆಯೂ ಬೇಕಿತ್ತು. ಅಲಬಾಮಾ ಮತ್ತು ಮಿಸಿಸಿಪ್ಪಿ ಒಪ್ಪಿದ್ದು 2013ರಲ್ಲಿ. ಬ್ರಿಟನ್ನಿನಲ್ಲಿ ಇದಕ್ಕೆ ಪರವಾನಗಿ ಬೇಕೆಂಬ ನಿಯಮ 1963ರಲ್ಲೇ ಹೋಯಿತು.

ಈಗ, ಆ ಸಲಹೆಯಂತೆ ಆಗಲೇ ಬಾಟಲಿ ತುಂಬಿಟ್ಟವರಿಗೆ. ಬಾಟಲಿಗಳನ್ನು ಬರಿಗೈಯಲ್ಲಿ ಮುಟ್ಟಬೇಡಿ, ಅಲುಗಾಡಿಸಬೇಡಿ. ಮುಖವಿಡೀ ಮುಚ್ಚುವ ಕವಚ ಅಥವಾ ಸುರಕ್ಷಾ ಕನ್ನಡಕ, ಚರ್ಮದ ದಪ್ಪ ಗ್ಲೌಸು, ತುಂಬುತೋಳಿನ ಜಾಕೆಟ್ ಹಾಕಿಕೊಳ್ಳಿ. ಪೆಟ್ಟಿಗೆಯ ಮೇಲೆ ಕಂಬಳಿ ಹೊದಿಸಿ, ನಿಧಾನವಾಗಿ ಫ್ರಿಜ್‌ಗೆ ಸಾಗಿಸಿ. ಬಿಯರ್ ತಣ್ಣಗಾದಷ್ಟೂ ಅನಿಲ ಅದರಲ್ಲೇ ಕರಗಿ ಒತ್ತಡ ಇಳಿಯುತ್ತದೆ, ಯೀಸ್ಟ್ ಕೂಡ ಕೆಲಸ ನಿಲ್ಲಿಸುತ್ತದೆ. ಪೂರ್ತಿ ಒಂದು ದಿನ ಬಿಟ್ಟು ಒಂದೊಂದೇ ಬಾಟಲಿಗೆ ಟವೆಲ್ ಸುತ್ತಿ, ಮುಚ್ಚಳವನ್ನು ತುಸುವೇ ಎತ್ತಿ ಗ್ಯಾಸ್ ಬಿಡಿ. ಒಂದು ಬಾಟಲಿ ಆಗಲೇ ಸಿಡಿದಿದ್ದರೆ ಉಳಿದವನ್ನು ಸಾಗಿಸಲು ಹೋಗಬೇಡಿ. ದಪ್ಪ ಕಂಬಳಿ ಮುಚ್ಚಿ, ಕೋಣೆಯನ್ನು ಎಷ್ಟಾಗುತ್ತದೋ ಅಷ್ಟು ತಣ್ಣಗೆ ಮಾಡಿ, ಮಕ್ಕಳು ಆ ಕಡೆ ಸುಳಿಯದಂತೆ ಬಾಗಿಲು ಹಾಕಿ.

ಹೀಗೇಕೆ ಆಗುತ್ತದೆ ಎಂಬುದು ಸರಳ ಲೆಕ್ಕ. 19 ಲೀಟರ್, ಅಂದರೆ 5 ಗ್ಯಾಲನ್ ಬಿಯರ್ ಬಾಟಲಿಗೆ ಹೋಗುವಾಗ ನೊರೆಗಾಗಿ ಸುಮಾರು 110 ಗ್ರಾಂ ಸಕ್ಕರೆ ಸೇರಿಸುತ್ತೇವೆ. ಅದು ಬಾಟಲಿಯೊಳಗೆ ಹುದುಗಿದಾಗ ಬಿಯರ್‌ನ ಗಾತ್ರದ 2.4 ಪಟ್ಟು ಇಂಗಾಲದ ಡೈಆಕ್ಸೈಡ್ ಅದರಲ್ಲಿ ಕರಗಿರುತ್ತದೆ. ಸಾಮಾನ್ಯ ಬಿಯರ್ ಬಾಟಲಿಯನ್ನು 3 ಪಟ್ಟಿನ ಆಚೆಗೆ ನಂಬಬಾರದು. ಇನ್ನು 19 ಲೀಟರಿಗೆ ಒಂದು ಬಟ್ಟಲು, 200 ಗ್ರಾಂ ಅನ್ನೋಣ, ಸಕ್ಕರೆ ಹೆಚ್ಚಾಗಿ ಬಿದ್ದು ಅದು ಹುದುಗುವ ಮುನ್ನವೇ ಮುಚ್ಚಳ ಬಿಗಿದರೆ ಇನ್ನೂ ಎರಡೂವರೆ ಪಟ್ಟು ಅನಿಲ ಸೇರುತ್ತದೆ. ಒಟ್ಟು ಸುಮಾರು 5 ಪಟ್ಟು. ಸಕ್ಕರೆ ಹಾಕದಿದ್ದರೂ ಹುದುಗುವಿಕೆ ಮುಗಿಯುವ ಮುನ್ನ ತುಂಬಿದರೆ ಇದೇ ಗತಿ: ಗ್ರಾವಿಟಿಯಲ್ಲಿ, ಅಂದರೆ ನೀರನ್ನು 1.000 ಎಂದಿಟ್ಟುಕೊಂಡು ಸಕ್ಕರೆ ಇದ್ದಷ್ಟೂ ಏರುವ ಸಾಂದ್ರತೆಯ ಅಳತೆಯಲ್ಲಿ, ಉಳಿದ ಒಂದೊಂದು ಪಾಯಿಂಟೂ (0.001) ಹೆಚ್ಚುಕಡಿಮೆ ಅರ್ಧ ಪಟ್ಟು ಅನಿಲ. 1.012ಕ್ಕೆ ಇಳಿಯಬೇಕಾದ ಬಿಯರನ್ನು 1.016ರಲ್ಲೇ ತುಂಬಿದರೆ ಎರಡು ಪಟ್ಟು ಹೆಚ್ಚು. ನಾಲ್ಕೇ ಪಾಯಿಂಟು, ಆದರೆ ಬಾಟಲಿ ಒಡೆಯಲು ಸಾಕು.

ಹಾಗಾದರೆ ಮುಗಿದಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಗುಳ್ಳೆ ನೋಡಿ ಅಲ್ಲ. ಬಕೆಟ್ಟಿನ ಮುಚ್ಚಳ ಕೂದಲೆಳೆಯಷ್ಟು ಸಡಿಲವಿದ್ದರೂ ಅನಿಲ ಅಲ್ಲಿಂದಲೇ ಹೋಗುತ್ತದೆ, ಏರ್‌ಲಾಕ್ ಸುಮ್ಮನಿರುತ್ತದೆ. ಒಳಗೆ ಯೀಸ್ಟ್ ಭರದಿಂದ ಕೆಲಸ ಮಾಡುತ್ತಿರುತ್ತದೆ. ಇದಕ್ಕೆ ತದ್ವಿರುದ್ಧವೂ ಆಗುತ್ತದೆ. ಎಂದೋ ಮುಗಿದ ಬಿಯರ್ ಮಧ್ಯಾಹ್ನದ ಬಿಸಿಗೆ ಎರಡು ಡಿಗ್ರಿ ಏರಿದರೆ ಅದರಲ್ಲಿ ಕರಗಿದ್ದ ಅನಿಲ ಹೊರಬಂದು ಏರ್‌ಲಾಕ್ ಮತ್ತೆ ಗುಳುಗುಳು ಎನ್ನುತ್ತದೆ. ನಂಬಬೇಕಾದದ್ದು ಹೈಡ್ರೋಮೀಟರನ್ನು ಮಾತ್ರ. ದ್ರವದ ವಿಶಿಷ್ಟ ಸಾಂದ್ರತೆಯನ್ನು, ಈ ಕೆಲಸದಲ್ಲಿರುವವರು ಗ್ರಾವಿಟಿ ಅನ್ನುವುದನ್ನು, ಅಳೆಯುವ ಈ ಗಾಜಿನ ಕಡ್ಡಿ ಅಗ್ಗದ್ದು. ಇದಿಲ್ಲದೆ ಬಿಯರ್ ತಯಾರಿಗೆ ಇಳಿಯಲೇಬಾರದು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ.

ಅಳೆಯುವುದರಲ್ಲೂ ಎಡವುತ್ತಾರೆ. ಮೊದಲು ಕಡ್ಡಿಯನ್ನು 20 ಡಿಗ್ರಿ ಸೆಲ್ಸಿಯಸ್‌ನ ಬರೀ ನೀರಿನಲ್ಲಿ ತೇಲಿಸಿ, 1.000 ತೋರಿಸುತ್ತದೆಯೇ ನೋಡಿ. ಎರಡು ಪಾಯಿಂಟ್ ಹೆಚ್ಚು ತೋರಿಸಿದರೆ ಪ್ರತಿ ಸಲವೂ ಎರಡು ಕಳೆಯಿರಿ. (ಕೆಲವು ಹಳೆಯ ಕಡ್ಡಿಗಳು 15.6 ಡಿಗ್ರಿಗೆ ಹೊಂದಿಸಿದವು, ಮೇಲೆಯೇ ಅಚ್ಚಾಗಿರುತ್ತದೆ.) ಬಿಸಿ ವರ್ಟ್‌ನಲ್ಲಿ, ಅಂದರೆ ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ) ಸಿಹಿ ರಸದಲ್ಲಿ, ನೇರವಾಗಿ ಅಳೆಯಬೇಡಿ: 40 ಡಿಗ್ರಿಯಲ್ಲಿ ಅದು ಆರು ಪಾಯಿಂಟಿನಷ್ಟು ಕಡಿಮೆ ತೋರಿಸುತ್ತದೆ. ಹುದುಗುತ್ತಿರುವ ಬಿಯರಾದರೆ ಮಾದರಿಯನ್ನು ಎರಡು ಲೋಟಗಳ ನಡುವೆ ಕಾಫಿ ಆರಿಸುವ ಹಾಗೆ ಹತ್ತಾರು ಸಲ ಎತ್ತಿ ಸುರಿದು ಗ್ಯಾಸ್ ಬಿಡಿಸಿ. ಇಲ್ಲದಿದ್ದರೆ ಗುಳ್ಳೆಗಳು ಕಡ್ಡಿಗೆ ಅಂಟಿ ಅದನ್ನು ಮೇಲೆತ್ತುತ್ತವೆ, ಗ್ರಾವಿಟಿ ಇರುವುದಕ್ಕಿಂತ ಹೆಚ್ಚು ಕಾಣುತ್ತದೆ. ಕಡ್ಡಿಯನ್ನು ಬೆರಳಲ್ಲಿ ಒಮ್ಮೆ ತಿರುಗಿಸಿ ಬಿಟ್ಟು, ಕಣ್ಣನ್ನು ದ್ರವದ ಮಟ್ಟಕ್ಕೆ ತಂದು, ಅಂಚಿನಲ್ಲಿ ಏರಿದ ಭಾಗ ಬಿಟ್ಟು ಸಮತಲದ ಗೆರೆ ಓದಿ. ಅಳೆದ ಮಾದರಿಯನ್ನು ರುಚಿ ನೋಡಿ, ಉಳಿದದ್ದು ಚೆಲ್ಲಿ. ಡಬ್ಬಿಗೆ ವಾಪಸು ಸುರಿಯಬೇಡಿ. ಮೂರು ದಿನದ ಅಂತರದಲ್ಲಿ ಎರಡು ಸಲ ಅಳೆದಾಗ ಒಂದೇ ಅಂಕಿ ಬಂದು, ಅದು ನಿರೀಕ್ಷಿಸಿದ ಮಟ್ಟದಲ್ಲಿದ್ದರೆ ಹುದುಗುವಿಕೆ ಮುಗಿದಿದೆ. 1.050ರಲ್ಲಿ ಶುರುವಾದ ಸಾಮಾನ್ಯ ಏಲ್, ಅಂದರೆ ತೀರಾ ತಂಪು ಬೇಡದೆ ಹುದುಗುವ ಬಗೆಯ ಬಿಯರ್, 1.010ರಿಂದ 1.014ರೊಳಗೆ ನಿಲ್ಲುತ್ತದೆ. 1.012ಕ್ಕೆ ನಿಂತರೆ ಆಲ್ಕೋಹಾಲ್ ಶೇ 5ರ ಹತ್ತಿರ: ಎರಡು ಅಂಕಿಗಳ ವ್ಯತ್ಯಾಸವನ್ನು 131ರಿಂದ ಗುಣಿಸಿದರೆ ಸಿಗುತ್ತದೆ.

ಬೆಳಕು ಬಾಗುವುದನ್ನು ನೋಡಿ ಸಕ್ಕರೆ ಅಳೆಯುವ ರಿಫ್ರ್ಯಾಕ್ಟೋಮೀಟರ್ ಬಳಸುವವರಿಗೆ ಇನ್ನೊಂದು ಎಚ್ಚರಿಕೆ. ಆ ಉಪಕರಣ ಹುದುಗುವ ಮುನ್ನ ಸರಿ, ಆಲ್ಕೋಹಾಲ್ ಸೇರಿದ ಮೇಲೆ ದಾರಿ ತಪ್ಪಿಸುತ್ತದೆ. 12.4 ಬ್ರಿಕ್ಸ್‌ನಲ್ಲಿ (ನೂರು ಗ್ರಾಂ ರಸದಲ್ಲಿ ಎಷ್ಟು ಗ್ರಾಂ ಸಕ್ಕರೆ ಎಂಬ ಲೆಕ್ಕ), ಅಂದರೆ 1.050ರಲ್ಲಿ, ಶುರುವಾದ ಬಿಯರ್ ನಿಜಕ್ಕೂ 1.012ಕ್ಕೆ ಬಂದು ಮುಗಿದಿದ್ದರೂ ಅದು ಆರೂವರೆ ಬ್ರಿಕ್ಸಿನ ಆಸುಪಾಸು ತೋರಿಸುತ್ತದೆ. ಅದನ್ನು ನೇರವಾಗಿ ಗ್ರಾವಿಟಿಗೆ ಪರಿವರ್ತಿಸಿದರೆ 1.026! ಹುದುಗುವಿಕೆ ಅರ್ಧಕ್ಕೆ ನಿಂತಿತೆಂದು ಗಾಬರಿಯಾಗಿ ಯೀಸ್ಟ್ ಸುರಿಯುವವರಲ್ಲಿ ಎಷ್ಟೋ ಮಂದಿ ಮುಗಿದ ಬಿಯರ್‌ಗೇ ಸುರಿಯುತ್ತಿರುತ್ತಾರೆ. ಆಲ್ಕೋಹಾಲ್ ತಿದ್ದುಪಡಿಯ ಲೆಕ್ಕ ಹಾಕಿ, ಇಲ್ಲವೇ ಹೈಡ್ರೋಮೀಟರಿನಿಂದ ಅಳೆಯಿರಿ.

ಸರಿಯಾಗಿ ಅಳೆದ ಮೇಲೂ ಗ್ರಾವಿಟಿ ಇಳಿದೇ ಇಲ್ಲ ಅನ್ನಿ. ಯೀಸ್ಟ್ ಹಾಕಿ ಮೂರು ದಿನ, ಅಂದರೆ 72 ಗಂಟೆ ಕಳೆದಿರದಿದ್ದರೆ ಕಾಯಿರಿ. ಕಳೆದಿದ್ದರೆ ಯೀಸ್ಟ್ ಸತ್ತಿರಬೇಕು. ಕುದಿಯುವ ಹಾಲಿಗೆ ಹೆಪ್ಪು ಹಾಕಿದರೆ ಮೊಸರಾದೀತೇ? 40 ಡಿಗ್ರಿ ದಾಟಿದ ವರ್ಟ್‌ಗೆ ಯೀಸ್ಟ್ ಹಾಕಿದರೂ ಹಾಗೆಯೇ. ಡಬ್ಬಿಯ ಹೊರಗಿನ ಸ್ಟಿಕ್ಕರ್ ಥರ್ಮಾಮೀಟರ್ 22 ತೋರಿಸುತ್ತಿದ್ದರೂ ನಡುವಿನ ವರ್ಟ್ ಇನ್ನೂ ಬಿಸಿಯಿರಬಹುದು. ತೊಳೆದು ಸ್ಯಾನಿಟೈಸ್ ಮಾಡಿದ ಸೌಟಿನಿಂದ ಕಲಕಿ ಅಳೆಯಿರಿ. ಇಂಥ ಸಂದರ್ಭದಲ್ಲಿ ಮಾತ್ರ ಹೊಸ ಪ್ಯಾಕೆಟ್ ಯೀಸ್ಟ್ ಸರಿಯಾದ ಮದ್ದು.

ಯೀಸ್ಟಿನ ಪ್ರಮಾಣದ ಬಗ್ಗೆಯೂ ಆ ಬರಹದಲ್ಲಿ ಏನೂ ಇರಲಿಲ್ಲ. ಒಣ ಏಲ್ ಯೀಸ್ಟಿನ 11 ಅಥವಾ 11.5 ಗ್ರಾಂ ಪ್ಯಾಕೆಟ್ ಒಂದು 19–20 ಲೀಟರಿಗೆ, ಗ್ರಾವಿಟಿ 1.060 ಮೀರದಿದ್ದರೆ, ಸಾಕು. ಲಾಗರ್ ಎಂಬ ಬಗೆಯ ಬಿಯರ್ ತಂಪಿನಲ್ಲಿ, 9ರಿಂದ 13 ಡಿಗ್ರಿಯಲ್ಲಿ ಹುದುಗುವುದರಿಂದ ಎರಡು ಪ್ಯಾಕೆಟ್ ಬೇಕು. ದ್ರವ ಯೀಸ್ಟಿನ ಲೆಕ್ಕ ಬೇರೆ. ಏಲ್‌ಗೆ ಪ್ರತಿ ಮಿಲಿಲೀಟರಿಗೆ, ಪ್ರತಿ ಡಿಗ್ರಿ ಪ್ಲೇಟೋಗೆ (ಇದೂ ಬ್ರಿಕ್ಸ್ ಥರದ ಸಕ್ಕರೆಯ ಅಳತೆ, 1.050 ಎಂದರೆ 12.4) 7.5 ಲಕ್ಷ ಜೀವಕೋಶ ಎಂಬ ರೂಢಿಯ ಪ್ರಕಾರ 1.050ರ 20 ಲೀಟರಿಗೆ ಸುಮಾರು 186 ಶತಕೋಟಿ ಜೀವಕೋಶ ಬೇಕಾಗುತ್ತವೆ. ಒಂದು ಪ್ಯಾಕೆಟ್ಟಿನಲ್ಲಿ ಹೊಸದಾಗಿದ್ದಾಗಲೇ ಇರುವುದು 100 ಶತಕೋಟಿಯ ಆಸುಪಾಸು. ಆದ್ದರಿಂದ ಒಂದು ಲೀಟರ್ ನೀರಿಗೆ 100 ಗ್ರಾಂ ಒಣ ಮಾಲ್ಟ್ ಪುಡಿ ಹಾಕಿ ಹತ್ತು ನಿಮಿಷ ಕುದಿಸಿ, ಆರಿಸಿ, ಅದರಲ್ಲಿ ಒಂದೆರಡು ದಿನ ಮೊದಲೇ ಯೀಸ್ಟ್ ಬೆಳೆಸಿಕೊಳ್ಳಬೇಕು. ವರ್ಟ್ ಆರಿದ ಮೇಲೆ, ಯೀಸ್ಟ್ ಹಾಕುವ ಹೊತ್ತಿಗೆ ಡಬ್ಬಿಯನ್ನು ಚೆನ್ನಾಗಿ ಕುಲುಕಿ ಗಾಳಿ ಸೇರಿಸಿ. ಗಾಳಿ ಬೇಕಾದದ್ದು ಆಗ ಮಾತ್ರ. ಹುದುಗುವಿಕೆ ಹಿಡಿದ ಮೇಲೆ ಗಾಳಿ ಸೇರಿದರೆ ಬಿಯರ್ ಒದ್ದೆ ರಟ್ಟಿನ ವಾಸನೆ ಹೊಡೆಯುತ್ತದೆ.

ನಡುವೆ ನಿಂತ ಹುದುಗುವಿಕೆಯೇ ಹೆಚ್ಚು ತಲೆನೋವು. 1.050ರಿಂದ ಇಳಿಯುತ್ತ ಬಂದು 1.022ರಲ್ಲಿ ನಿಂತುಬಿಟ್ಟಿತು, ಮೂರು ದಿನವಾದರೂ ಅಲ್ಲಾಡಲಿಲ್ಲ. ಮೊದಲು ಉಷ್ಣಾಂಶ ನೋಡಿ. ಶುರುವಿನ ಎರಡು ಮೂರು ದಿನ ಯೀಸ್ಟ್ ತಾನೇ ಶಾಖ ಹೊರಡಿಸುತ್ತದೆ, ಡಬ್ಬಿಯ ಒಳಗು ಕೋಣೆಗಿಂತ ಮೂರ್ನಾಲ್ಕು ಡಿಗ್ರಿ ಬಿಸಿಯಿರುತ್ತದೆ. ಆ ರಭಸ ಇಳಿದೊಡನೆ ಬಿಯರ್ ತಣ್ಣಗಾಗುತ್ತದೆ, ಚಳಿಗಾಲದ ರಾತ್ರಿಯಾದರೆ ಇನ್ನೂ ಬೇಗ. ಯೀಸ್ಟ್ ಮುದುರಿ ತಳಕ್ಕೆ ಕೂರುತ್ತದೆ. ಡಬ್ಬಿಯನ್ನು 20–22 ಡಿಗ್ರಿಯ ಜಾಗಕ್ಕೆ ಸರಿಸಿ, ಮುಚ್ಚಳ ತೆರೆಯದೆ, ಗಾಳಿ ಸೇರದಂತೆ ಮೆಲ್ಲಗೆ ಸುತ್ತ ತಿರುಗಿಸಿ ತಳದ ಯೀಸ್ಟನ್ನು ಎಬ್ಬಿಸಿ. ಬಹಳಷ್ಟು ಸಲ ಇಷ್ಟಕ್ಕೇ ಮತ್ತೆ ಶುರುವಾಗುತ್ತದೆ. ನಾಲ್ಕೈದು ದಿನ ಕೊಡಿ.

ಆಗಲೂ ಅಲ್ಲಾಡದಿದ್ದರೆ, ಹುದುಗಬಲ್ಲ ಸಕ್ಕರೆ ಉಳಿದಿದೆಯೇ ಎಂಬುದನ್ನೇ ಪರೀಕ್ಷಿಸಬೇಕು. ಈ ಪರೀಕ್ಷೆಯನ್ನು ಮಾಡುವವರು ಕಡಿಮೆ, ಮಾಡಿದರೆ ಅರ್ಧ ಸಂಶಯ ಅಲ್ಲೇ ಕಳೆಯುತ್ತದೆ. ನಿಂತ ಬಿಯರಿನಿಂದ 250 ಮಿ.ಲೀ. ತೆಗೆದು ಶುಭ್ರವಾದ ಬಾಟಲಿಗೆ ಹಾಕಿ, ಒಂದು ಚಮಚ ಒಣ ಯೀಸ್ಟ್ ಸೇರಿಸಿ, ಬಾಯಿಗೆ ಫಾಯಿಲ್ ಸಡಿಲವಾಗಿ ಮುಚ್ಚಿ 25 ಡಿಗ್ರಿಯ ಜಾಗದಲ್ಲಿಡಿ. ಹೋಗಿ ಬರುವಾಗಲೆಲ್ಲ ಕುಲುಕಿ. ಎರಡು ದಿನ ಬಿಟ್ಟು ಅಳೆಯಿರಿ. ಅದು 1.012ಕ್ಕೆ ಇಳಿದಿದ್ದರೆ ತಪ್ಪು ಯೀಸ್ಟಿನದು, ದೊಡ್ಡ ಡಬ್ಬಿಯೂ ಇಳಿಯಲೇಬೇಕು. ಅದೂ 1.022ರಲ್ಲೇ ಇದ್ದರೆ ಯೀಸ್ಟಿನ ತಪ್ಪೇನಿಲ್ಲ, ವರ್ಟಿನಲ್ಲಿ ಅದು ತಿನ್ನಬಲ್ಲ ಸಕ್ಕರೆ ಮುಗಿದಿದೆ. ಮಾಲ್ಟನ್ನು 65–67 ಡಿಗ್ರಿಯ ಬದಲು 70ರ ಮೇಲೆ ನೆನೆಸಿದಾಗ, ಹೆಚ್ಚಾಗಿ ಥರ್ಮಾಮೀಟರ್ ತಪ್ಪು ತೋರಿಸಿ, ಹೀಗಾಗುತ್ತದೆ: ಪಿಷ್ಟ ಒಡೆದು ಬರುವ ಸಕ್ಕರೆಯಲ್ಲಿ ದೊಡ್ಡ ತುಣುಕುಗಳ ಪಾಲು ಹೆಚ್ಚಾಗಿ ಅವನ್ನು ಸಾಮಾನ್ಯ ಯೀಸ್ಟ್ ಮುಟ್ಟುವುದಿಲ್ಲ. ಮಾಲ್ಟ್ ಸಿರಪ್ಪಿನ ಕಿಟ್‌ಗಳು 1.018–1.020ರಲ್ಲಿ ನಿಲ್ಲುವುದೂ ಇದೇ ಕಾರಣಕ್ಕೆ. ಯೀಸ್ಟ್ ತಿನ್ನದ ಹಾಲಿನ ಸಕ್ಕರೆ ಲ್ಯಾಕ್ಟೋಸ್ ಹಾಕಿದ, ಮಿಲ್ಕ್ ಸ್ಟೌಟ್ ಎಂಬ ಕಪ್ಪು ಬಿಯರ್ ಕೂಡ ಮೇಲೆಯೇ ನಿಲ್ಲುತ್ತದೆ, ಅದು ಅದರ ಸ್ವಭಾವ. ಇಂಥ ಬಿಯರ್‌ಗೆ ಎಷ್ಟು ಪ್ಯಾಕೆಟ್ ಯೀಸ್ಟ್ ಸುರಿದರೂ ಇಳಿಯದು. ತುಸು ಸಿಹಿಯಾಗಿದೆ, ಮೈಭಾರವಾಗಿದೆ ಅಷ್ಟೇ, ಕುಡಿಯಲು ಯೋಗ್ಯವೇ. ಸಕ್ಕರೆ ಸೇರಿಸಿದರೆ? ಯೀಸ್ಟ್ ಆ ಸಕ್ಕರೆ ತಿನ್ನುತ್ತದೆ, ಉಳಿದದ್ದು ಹಾಗೇ ಉಳಿಯುತ್ತದೆ. ಆಲ್ಕೋಹಾಲ್ ಮಾತ್ರ ಏರುತ್ತದೆ.

ಪರೀಕ್ಷೆಯ ಬಾಟಲಿ ಇಳಿದು ದೊಡ್ಡ ಡಬ್ಬಿ ಇಳಿಯದಿದ್ದರೆ ಹೊಸ ಯೀಸ್ಟ್ ಬೇಕು ನಿಜ, ಆದರೆ ಪ್ಯಾಕೆಟ್ ಕತ್ತರಿಸಿ ಉದುರಿಸಿದರೆ ಪ್ರಯೋಜನ ಕಡಿಮೆ. ಆಲ್ಕೋಹಾಲ್ ತುಂಬಿದ, ಆಮ್ಲಜನಕವಿಲ್ಲದ ದ್ರವಕ್ಕೆ ನೇರವಾಗಿ ಬಿದ್ದ ಒಣ ಯೀಸ್ಟ್ ಬೇಗ ಸೋಲುತ್ತದೆ. ಮೇಲೆ ಹೇಳಿದ ಮಾಲ್ಟ್ ನೀರಿನಲ್ಲಿ ಅದನ್ನು ಎಬ್ಬಿಸಿ, ನೊರೆ ಉಕ್ಕುತ್ತಿರುವಾಗಲೇ, ಕೂರಲು ಬಿಡದೆ, ಡಬ್ಬಿಗೆ ಸೇರಿಸಿ.

ಬಿಸಿಯ ನಾಡುಗಳಲ್ಲಿ ತೊಂದರೆ ತಿರುಗುಮುರುಗು. ಟೆಕ್ಸಸ್‌ನ ಬೇಸಿಗೆಯಲ್ಲಿ ಗ್ಯಾರೇಜಿನಲ್ಲಿಟ್ಟ ಏಲ್ ಮೂರೇ ದಿನಕ್ಕೆ ಮುಗಿಯುತ್ತದೆ, ಆದರೆ ಗಂಟಲು ಸುಡುವ ಸ್ಪಿರಿಟ್ಟಿನ ರುಚಿ ಬರುತ್ತದೆ. ಶುರುವಿನ ಎರಡು ಮೂರು ದಿನ 25 ಡಿಗ್ರಿ ದಾಟಿದರೆ ಭಾರವಾದ ಆಲ್ಕೋಹಾಲ್‌ಗಳು ಹುಟ್ಟುತ್ತವೆ, ಅವು ಆಮೇಲೆ ಎಷ್ಟು ದಿನ ಇಟ್ಟರೂ ಅಷ್ಟಾಗಿ ಕಡಿಮೆಯಾಗವು. ಹೆಚ್ಚಿನ ಏಲ್ ಯೀಸ್ಟ್‌ಗಳಿಗೆ ಬಿಯರ್ 18–20ರಲ್ಲಿರಬೇಕು, ಕೋಣೆಯಲ್ಲ, ಬಿಯರ್. ಅದಕ್ಕೆ ದುಬಾರಿ ಫ್ರಿಜ್ ಬೇಕಿಲ್ಲ. ಡಬ್ಬಿಯನ್ನು ಅಗಲವಾದ ನೀರಿನ ಟಬ್ಬಿನಲ್ಲಿ ಕೂರಿಸಿ, ಹಳೆಯ ಹತ್ತಿ ಬಟ್ಟೆ ಸುತ್ತಿ, ಅದರ ಅಂಚು ನೀರಿನಲ್ಲಿ ಮುಳುಗುವಂತೆ ಬಿಡಿ. ಬಟ್ಟೆ ನೀರು ಹೀರಿ ಆರುತ್ತ ಡಬ್ಬಿಯನ್ನು ತಣಿಸುತ್ತದೆ, ಮಣ್ಣಿನ ಹೂಜಿಯ ಹಾಗೆ. ಒಂದು ಟೇಬಲ್ ಫ್ಯಾನ್ ಇಟ್ಟರೆ ಇನ್ನೂ ಚೆನ್ನ. ಒಂದು ಲೀಟರಿನ ಎರಡು ಬಾಟಲಿ ನೀರನ್ನು ಫ್ರೀಜರ್‌ನಲ್ಲಿ ಗಟ್ಟಿ ಮಾಡಿ ಬೆಳಿಗ್ಗೆ ಸಂಜೆ ಟಬ್ಬಿನಲ್ಲಿ ಬದಲಿಸಿ. ಇಷ್ಟೂ ಆಗದವರು ನಾರ್ವೆಯ ಹಳ್ಳಿಗಳಿಂದ ಬಂದ ಕ್ವೈಕ್ ಯೀಸ್ಟ್ ಹಿಡಿಯಲಿ. ಅದರಲ್ಲಿ ವೋಸ್ ಎಂಬ ಬಗೆ 35 ಡಿಗ್ರಿಯಲ್ಲೂ ಕಿತ್ತಳೆಯ ಪರಿಮಳದ ಒಳ್ಳೆಯ ಬಿಯರ್ ಕೊಡುತ್ತದೆ.

ವಾಸನೆಗಳ ವಿಚಾರ. ಬೆಣ್ಣೆಯ ವಾಸನೆ ಬಂದರೆ ಅದು ಡೈಅಸಿಟೈಲ್. ಯೀಸ್ಟೇ ಅದಕ್ಕೆ ಮೂಲವಸ್ತು ಬಿಡುತ್ತದೆ, ಕಾಲ ಕೊಟ್ಟರೆ ತಾನೇ ಹೀರಿಕೊಳ್ಳುತ್ತದೆ. ಹಾಗಾಗಿ ಲಾಗರ್ ಮಾಡುವವರು ಗ್ರಾವಿಟಿ ಕೊನೆಯ ಐದಾರು ಪಾಯಿಂಟಿಗೆ ಬಂದಾಗ 18 ಡಿಗ್ರಿಗೆ ಏರಿಸಿ ಎರಡು ಮೂರು ದಿನ ಬಿಡಬೇಕು. ತುಂಬುವ ಮುನ್ನ ಪರೀಕ್ಷಿಸಲು ಎರಡು ಲೋಟದಲ್ಲಿ ಮಾದರಿ ತೆಗೆದುಕೊಂಡು ಮುಚ್ಚಿ, ಒಂದನ್ನು 60–70 ಡಿಗ್ರಿ ಬಿಸಿನೀರಿನಲ್ಲಿ ಇಪ್ಪತ್ತು ನಿಮಿಷ ಇಟ್ಟು ತಣಿಸಿ, ಎರಡನ್ನೂ ಮೂಸಿ ನೋಡಿ. ಬಿಸಿ ಮಾಡಿದ್ದರಲ್ಲಿ ಬೆಣ್ಣೆ ಬಂದರೆ ಇನ್ನೂ ಎರಡು ದಿನ ಕಾಯಬೇಕು. ಹಸಿ ಸೇಬಿನ ವಾಸನೆ ಎಳೆ ಬಿಯರಿನದು, ಅದಕ್ಕೂ ಕಾಯುವುದೇ ಮದ್ದು. ಲಾಗರಿನ ಕೊಳೆತ ಮೊಟ್ಟೆಯ ವಾಸನೆ ತಾನೇ ಹೋಗುತ್ತದೆ. ಬೇಯಿಸಿದ ಮೆಕ್ಕೆಜೋಳದ ವಾಸನೆ ಬಂದರೆ ಮುಂದಿನ ಸಲ ಮುಚ್ಚಳ ತೆರೆದು ಜೋರಾಗಿ ಕುದಿಸಿ, ಬೇಗ ಆರಿಸಿ. ಆಸ್ಪತ್ರೆಯ ಬ್ಯಾಂಡೇಜಿನ ವಾಸನೆ ಬಂದರೆ ನಲ್ಲಿ ನೀರಿನ ಕ್ಲೋರಿನ್ ಕಾರಣವಿರಬಹುದು. ಅನೇಕ ಅಮೆರಿಕನ್ ನಗರಗಳಲ್ಲಿ ನೀರಿಗೆ ಹಾಕುವುದು ಕ್ಲೋರಮಿನ್, ಅದು ಕುದಿಸಿದರೆ ಸುಲಭಕ್ಕೆ ಹೋಗದು. 19 ಲೀಟರ್ ನೀರಿಗೆ ಕ್ಯಾಂಪ್ಡನ್ ಎಂಬ ಸಲ್ಫೈಟ್ ಮಾತ್ರೆಯ ಕಾಲು ಭಾಗ ಪುಡಿ ಮಾಡಿ ಕಲಕಿದರೆ ಕೆಲವೇ ನಿಮಿಷಗಳಲ್ಲಿ ಹೋಗುತ್ತದೆ.

ನಿಜವಾಗಿ ಕೆಟ್ಟಿದೆಯೇ ಎಂಬುದಕ್ಕೆ ಮೇಲ್ಮೈ ನೋಡಿ. ಕಂದು ಬಣ್ಣದ ಅಂಟು ನೊರೆ, ತೇಲುವ ಯೀಸ್ಟಿನ ಗಡ್ಡೆ ಸಹಜ. ಕಾದ ಹಾಲಿನ ಕೆನೆಯಂತೆ ಬಿಳಿ ಪದರ ಕಟ್ಟಿ, ಅದರಡಿ ಗುಳ್ಳೆಗಳು ಉಬ್ಬಿ ನಿಂತಿದ್ದರೆ ಬೇರೆ ಯೀಸ್ಟೋ ಬ್ಯಾಕ್ಟೀರಿಯಾವೋ ಸೇರಿದೆ. ಕೂದಲು ಬಂದಂತೆ ಬೂಷ್ಟು ಕಂಡರೆ ಚೆಲ್ಲಿ. ಕೊನೆಯ ಗ್ರಾವಿಟಿಯನ್ನೂ ದಾಟಿ 1.004, 1.002 ಎಂದು ಇಳಿಯುತ್ತಲೇ ಹೋದರೆ ಇನ್ನೂ ಜಾಗ್ರತೆ. ಡಯಾಸ್ಟಾಟಿಕಸ್ ಎಂಬ ಬಗೆಯ ಯೀಸ್ಟ್ ಆ ದೊಡ್ಡ ತುಣುಕು ಸಕ್ಕರೆಯನ್ನೂ ಒಡೆದು ತಿನ್ನುತ್ತದೆ. ಸೇಸೊಂ ಎಂಬ ಬೆಲ್ಜಿಯಂ ಶೈಲಿಯ ಬಿಯರಿನ ಹಲವು ಯೀಸ್ಟ್‌ಗಳು ಈ ಬಗೆಯವು; ಅವನ್ನು ಒಮ್ಮೆ ಬಳಸಿದ ಪ್ಲಾಸ್ಟಿಕ್ ಕೊಳವೆ, ನಲ್ಲಿಗಳನ್ನು ಬೇರೆ ಬಿಯರ್‌ಗೆ ಬಳಸದಿರುವುದು ಒಳ್ಳೆಯದು.

ಮಾಲಿನ್ಯ ಅಡಗುವ ಜಾಗ ಹೆಚ್ಚಾಗಿ ಒಂದೇ: ಬಾಟಲಿ ತುಂಬುವ ಬಕೆಟ್ಟಿನ ನಲ್ಲಿ. ಹೊರಗಿನಿಂದ ಫಳಫಳ ಹೊಳೆಯುತ್ತಿರುತ್ತದೆ. ತಿರುಗಿಸಿ ಕಳಚಿ, ಒಳಗಿನ ತಿರುಗುವ ಭಾಗವನ್ನು ಬಿಸಿನೀರಿನಲ್ಲಿ ನೆನೆಸಿ ಹೊರಗೆಳೆದರೆ ಎರಡು ಪ್ಲಾಸ್ಟಿಕ್‌ಗಳ ನಡುವೆ ಕಂದು ಲೋಳೆಯ ಉಂಗುರ ಕಾಣುತ್ತದೆ. ಸ್ಯಾನಿಟೈಸರ್ ಅಲ್ಲಿಗೆ ಮುಟ್ಟುವುದಿಲ್ಲ. ಮೊದಲು ಉಜ್ಜಿ ತೊಳೆಯಬೇಕು, ಆಮೇಲೆ ಸ್ಯಾನಿಟೈಸರ್. ಕೊಳೆಯ ಮೇಲೆ ಸುರಿದರೆ ಕೆಲಸ ಮಾಡದು. ಸ್ಟಾರ್ ಸ್ಯಾನ್ ಎಂಬ ಸ್ಯಾನಿಟೈಸರ್ ಆದರೆ 19 ಲೀಟರ್ ನೀರಿಗೆ 30 ಮಿ.ಲೀ., ಒಂದೆರಡು ನಿಮಿಷ ಒದ್ದೆಯಿದ್ದರೆ ಸಾಕು, ನೊರೆ ತೊಳೆಯಬೇಕಿಲ್ಲ. ನಮ್ಮವರ ಅಡುಗೆಮನೆಗೆ ಇನ್ನೊಂದು ಮಾತು ಸೇರಿಸಬೇಕು. ಇಡ್ಲಿ ಹಿಟ್ಟು, ಮೊಸರು ಹುಳಿಯಾಗುವುದು ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳಿಂದ. ಬಿಯರ್ ಹುಳಿಯಾಗುವುದೂ ಅದೇ ಬಳಗದಿಂದ. ಹಿಟ್ಟು ಕಲಕುವ ಸೌಟು, ಪಾತ್ರೆ ಬಿಯರ್‌ಗೆ ಬೇಡ. ಮಾಲ್ಟ್ ಪುಡಿ ಮಾಡುವಾಗ ಏಳುವ ಧೂಳಿನಲ್ಲೂ ಇವು ತುಂಬಿರುತ್ತವೆ, ಆ ಕೆಲಸ ಹೊರಗೆ ಮಾಡಿ.

ಸಂಪಾದಕರೇ, ನಿಮ್ಮ ಬರಹ ಓದಿ ಆ ಭಾನುವಾರವೇ ಶುರು ಮಾಡಿದವರು ಈ ವಾರಾಂತ್ಯಕ್ಕೆ ಏಳನೇ ದಿನ ಮುಟ್ಟುತ್ತಾರೆ, ಬಾಟಲಿಗಳನ್ನು ತೊಳೆದಿಟ್ಟುಕೊಂಡಿರುತ್ತಾರೆ. ದಯವಿಟ್ಟು ಅದಕ್ಕೆ ಮುಂಚೆಯೇ, ನಿಮ್ಮ ಜಾಲತಾಣದಲ್ಲೂ ಮುದ್ರಿತ ಪತ್ರಿಕೆಯಲ್ಲೂ, ಆ ಸಲಹೆಯನ್ನು ಹಿಂಪಡೆದಿರುವುದಾಗಿ ಪ್ರಕಟಿಸಿ. ಪತ್ರ ಉದ್ದವಾಯಿತು, ಪೂರ್ತಿ ಹಾಕಲು ಜಾಗವಿಲ್ಲದಿದ್ದರೆ ಬಾಟಲಿಗಳನ್ನು ಫ್ರಿಜ್‌ಗೆ ಸಾಗಿಸುವ ಭಾಗ ಮತ್ತು ಮೂರು ದಿನದ ಅಂತರದಲ್ಲಿ ಎರಡು ಸಲ ಅಳೆಯುವ ಭಾಗ, ಇವೆರಡನ್ನಾದರೂ ಹಾಕಿ.

ಇಂತಿ ನಿಮ್ಮ ಓದುಗರು,
ಹವ್ಯಾಸಕ್ಕೆ ಬಿಯರ್ ತಯಾರಿಸುವ ಕೆಲವು ಕನ್ನಡಿಗರು
ಆಸ್ಟಿನ್, ಟೆಕ್ಸಸ್